ಎಳೆದು ಹಾಡಿದ ಎರಡನೆಯ ಆಲ್ಬಮ್

ಕ್ಯಾಸೆಟ್ಟಿನ ಪುಟ್ಟ ಕಿಟಕಿಯಲ್ಲಿ ಹಲ್ಲಿನ ಚಕ್ರಗಳೆರಡು ತಿರುಗುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಹೆಂಡತಿ ಮೃದುಲಾ ತಾನೇ ಬರೆದು ಹಾಡಿದ ಎರಡನೆಯ ಆಲ್ಬಮ್ ಆಗಷ್ಟೇ ಹೊರಬಂದಿತ್ತು. ಮೊದಲನೆಯದನ್ನು 'ಗುಬ್ಬಚ್ಚಿಯ ಚಿಲಿಪಿಲಿ' ಎಂದು ತಳ್ಳಿಹಾಕಿದ್ದ ವಿಮರ್ಶಕ ಪದ್ಮರಾಜಯ್ಯನವರೇ ಈ ಸಲ ಪತ್ರಿಕೆಯಲ್ಲಿ ಬರೆದರು: 'ದನಿ ಮಾಗಿದೆ. ಪ್ರತಿ ಮಾತೂ ಎದೆಯಾಳದಿಂದ ಎದ್ದು ಬರುತ್ತದೆ.' ಉಳಿದ ಪತ್ರಿಕೆಗಳು ಕೇಳಿದವೋ ಇಲ್ಲವೋ, ಅದನ್ನೇ ಹಿಡಿದು ಹೊಗಳಿದವು.

ಅಂದಿನಿಂದ ಮನೆಯ ನೆಮ್ಮದಿ ಹೋಯಿತು. ಭಾನುವಾರ ಪುರಭವನದಲ್ಲಿ ಕಾರ್ಯಕ್ರಮ. ಜನ ಬರುವುದೇ ಆ ಮಾಗಿದ ದನಿ ಕೇಳಲು. ನಮ್ಮ ಮನೆಯಲ್ಲಿ ಕ್ಯಾಸೆಟ್ ಎಷ್ಟು ಸಲ ಹಾಕಿದರೂ ಅಂಥ ದನಿ ಸಿಗಲಿಲ್ಲ. ಅವಳೋ ಬಟ್ಟೆ ಒಗೆಯುವಾಗಲೂ, ಮಗುವಿಗೆ ತುತ್ತಿಡುವಾಗಲೂ ದನಿಯನ್ನು ಕೆಳಗೆ ಕೆಳಗೆ ಅದುಮುತ್ತಿದ್ದಳು. ಗುರುವಾರದ ಹೊತ್ತಿಗೆ ಗಂಟಲು ಕಟ್ಟತೊಡಗಿತು.

"ನಡೀರಿ, ಪದ್ಮರಾಜಯ್ಯನವ್ರನ್ನೇ ಕೇಳೋಣ. ಅವ್ರಿಗೆ ಏನು ಕೇಳಿಸ್ತೋ ನೋಡೇ ಬಿಡೋಣ," ಎಂದಳು. ಮಗಳನ್ನು ಸೊಂಟಕ್ಕೇರಿಸಿಕೊಂಡು ನಾನೂ ಹೊರಟೆ.

ಪದ್ಮರಾಜಯ್ಯನವರಿಗೆ ಸಡಗರವೋ ಸಡಗರ. "ಬನ್ನಿ ತಾಯಿ, ನಿಮ್ಮನ್ನೇ ಕೇಳ್ತಾ ಕೂತಿದ್ದೆ," ಎಂದು ಹಳೆಯ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರು. ಚಕ್ರಗಳು ಮನಸ್ಸಿಲ್ಲದ ಮನಸ್ಸಿನಿಂದ ತಿರುಗಿದವು. ಹಾಡು ಅವಳದೇ. ಆದರೆ ಯಾರೋ ವಯಸ್ಸಾದ ಹೆಂಗಸು ಎಳೆದೆಳೆದು ಹಾಡಿದಂತಿತ್ತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಸಾರ್, ಇದ್ರ ಬೆಲ್ಟು ಸಡಿಲ ಆಗಿದೆ," ಎಂದಳು ಮೃದುಲಾ.

"ಅಂದ್ರೆ?"

"ನಿಧಾನ ಓಡ್ತಿದೆ. ಇದು ನನ್ನ ದನಿ ಅಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ನಾನು ಹೊಗಳಿದ್ದು ಯಾರನ್ನಮ್ಮ?"

ಅವಳು ಯಂತ್ರ ನಿಲ್ಲಿಸಿ, ಚಿಟಿಕೆ ಹಾಕುತ್ತ ಅದೇ ಹಾಡನ್ನು ತನ್ನ ಓಟದಲ್ಲಿ ಹಾಡಿದಳು. ಗಂಟಲು ಒಂದೆರಡು ಕಡೆ ಒಡೆಯಿತು, ನಿಲ್ಲಿಸಲಿಲ್ಲ. ಮಗಳು ನನ್ನ ಸೊಂಟದ ಮೇಲೇ ಕುಣಿಯತೊಡಗಿದಳು.

ಅವರು ಕೊನೆಯವರೆಗೂ ಕೇಳಿದರು. "ಚೆನ್ನಾಗಿದೆ. ಆದ್ರೆ... ಸುಳ್ಳು ಯಾಕೆ ಹೇಳ್ಲಿ, ನನಗೆ ಅದೇ ಹಿಡಿಸಿತ್ತು."

"ಹಿಡಿಸ್ಲಿ ಬಿಡಿ ಸಾರ್. ಭಾನುವಾರ ಮಾತ್ರ ಹಾಡೋದು ನಾನು, ನಿಮ್ಮ ಟೇಪ್ ರೆಕಾರ್ಡರ್ ಅಲ್ಲ."

ಗೇಟು ದಾಟುವಾಗ ಒಳಗೆ ಟೇಪ್ ಹಿಂದಕ್ಕೆ ಸುತ್ತಿ ಮತ್ತೆ ಗುಂಡಿ ಒತ್ತಿದ ಸದ್ದು. ಆ ದಪ್ಪ ದನಿ ಕಿಟಕಿಯಿಂದ ತೆವಳಿ ಬಂತು. ಮೃದುಲಾ ಅಗುಳಿಯ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತಳು. ಆಮೇಲೆ ಅದೇ ಹಾಡನ್ನು ಗುನುಗುತ್ತ ಬಿರಬಿರನೆ ಹೆಜ್ಜೆ ಹಾಕಿದಳು. ಮಗಳನ್ನೆತ್ತಿಕೊಂಡು ನಾನು ಹಿಂದೆ ಹಿಂದೆ ಓಡಬೇಕಾಯಿತು. ಬೀದಿಯ ತಿರುವಿಗೆ ಬರುವಷ್ಟರಲ್ಲಿ ಅವಳು ಪಲ್ಲವಿ ಮುಗಿಸಿದ್ದಳು. ಹಿಂದೆ ಆ ಮನೆಯಲ್ಲಿ ಚಕ್ರಗಳು ಇನ್ನೂ ಮೊದಲ ಸಾಲನ್ನೇ ಎಳೆಯುತ್ತಿದ್ದವು.