ಗಂಟೆಗೊಂದು ಲೋಟ

ಅಮ್ಮ ಕೆಲಸದಿಂದ ಮನೆಗೆ ಬರುವ ಹೊತ್ತಿಗೆ ಬಚ್ಚಲಿನಲ್ಲಿ ಯಾರೂ ಇರಬಾರದು. ಇದು ಆ ಮನೆಯ ಕಾಯಿದೆ. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ, ಆದರೆ ಮಗಳಿಗೆ ಬುದ್ಧಿ ಬಂದಾಗಿನಿಂದ ಒಮ್ಮೆಯೂ ಮುರಿದದ್ದಿಲ್ಲ. ಬೀಗದಲ್ಲಿ ಕೀಲಿ ತಿರುಗಿದ ಸದ್ದಾದರೆ ಸಾಕು, ಒಂದು ಚಪ್ಪಲಿ ಹೊಸ್ತಿಲಿನಾಚೆ, ಇನ್ನೊಂದು ಈಚೆ, ಕೈಚೀಲ ನಡುದಾರಿಯಲ್ಲಿ, ಅಮ್ಮ ಒಂದೇ ಉಸಿರಿಗೆ ಒಳಗೆ. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, "ಉಸ್ಸಪ್ಪಾ" ಎಂದು ಗೋಡೆಗೊರಗಿ ನಿಂತು, ಆಮೇಲಷ್ಟೇ ಮಗಳ ಮುಖ ನೋಡುವಳು. ಕೈಚೀಲದೊಳಗಿನ ನೀರಿನ ಬಾಟಲಿ ಬೆಳಗ್ಗೆ ತುಂಬಿಕೊಂಡು ಹೋದದ್ದು ಹೋದ ಹಾಗೆಯೇ ವಾಪಸ್ಸು ಬಂದಿರುತ್ತಿತ್ತು.

ಎಲ್ಲರ ಅಮ್ಮಂದಿರೂ ಹೀಗೆಯೇ ಮನೆಗೆ ಬರುತ್ತಾರೆ ಎಂದು ಮಗಳು ಬಹಳ ಕಾಲ ನಂಬಿದ್ದಳು. ನರ್ಸಿಂಗ್ ಕಾಲೇಜು ಸೇರಿ ಮೂತ್ರಪಿಂಡದ ಪಾಠ ಕೇಳಿದ ದಿನ ಅವಳಿಗೆ ಸಿಟ್ಟು ಬಂತು. ಬಂದ ಸಿಟ್ಟು ಇಳಿಯಲೇ ಇಲ್ಲ. ಪಾಠ ಮಾಡುವ ಮೇಡಂ ಒಂದು ಹೇಳಿದರೆ ಇವಳು ಎರಡು ಕೇಳುತ್ತಿದ್ದುದರಿಂದ ಕ್ಲಾಸಿನವರು ಅವಳಿಗೆ 'ಲಾಯರಮ್ಮ' ಎಂದು ಹೆಸರಿಟ್ಟಿದ್ದರು. ಕರೆದರೆ ಓಗೊಡುತ್ತಿದ್ದಳು. ಅದರಲ್ಲಿ ಅವಮಾನವೇನೂ ಅವಳಿಗೆ ಕಂಡಿರಲಿಲ್ಲ.

ಅಮ್ಮ ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವವಳು. ಅಲ್ಲಿ ಒಂದೊಂದು ಸಾಲಿಗೆ ನಲವತ್ತು ಹೆಂಗಸರು, ನಲವತ್ತು ಮಿಷನ್ನು, ಮತ್ತು ಒಂದೇ ಒಂದು ಮರದ ಬಿಲ್ಲೆ. ಬಿಲ್ಲೆ ಸೂಪರ್‌ವೈಸರನ ಮೇಜಿನ ಪಕ್ಕದ ಮೊಳೆಗೆ ತೂಗುತ್ತಿರುತ್ತದೆ. ಕಕ್ಕಸಿಗೆ ಹೋಗುವವರು ಅದನ್ನು ಕೇಳಿ, ಕೊರಳಿಗೆ ಹಾಕಿಕೊಂಡು ಹೋಗಬೇಕು, ಮೊದಲು ಹೋದವರು ಬರುವ ತನಕ ಉಳಿದವರು ಕಾಯಬೇಕು. ಒಂದೇ ದಿನ ಎರಡನೇ ಸಲ ಕೇಳಿದರೋ, ಸೂಪರ್‌ವೈಸರ್ ಮೈಕಿನಲ್ಲಿ, "ಏನ್ ಕಾಲರಮ್ಮ, ಕೊಳಾಯಿ ಕೆಟ್ಟೋಯ್ತಾ?" ಎಂದು ಇಡೀ ಹಜಾರಕ್ಕೆ ಕೇಳಿಸುವನು. ಸದಾ ಗೋಡೆ ಗಡಿಯಾರದ ಮೇಲೇ ಕಣ್ಣಿಟ್ಟಿರುತ್ತಿದ್ದ ಆತನನ್ನು ಹೆಂಗಸರು 'ಗಡಿಯಾರ' ಎನ್ನುತ್ತಿದ್ದರು. ಕೇಳಿ ಮಾನ ಕಳೆದುಕೊಳ್ಳುವುದಕ್ಕಿಂತ ಕುಡಿಯದೆ ಇರುವುದು ಮೇಲೆಂದು ಹಜಾರಕ್ಕೆ ಹಜಾರವೇ ನೀರು ಬಿಟ್ಟು ಕೂತಿತ್ತು.

ಆ ವರ್ಷ ಅಮ್ಮನಿಗೆ ಎರಡನೇ ಸಲ ನಡುಕದ ಜ್ವರ ಬಂತು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು, ಬೆನ್ನಿನ ಬಲಗಡೆ ಮುಟ್ಟಿದರೆ ಚೀರುತ್ತಿದ್ದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳಿದರು: "ಬಲಗಡೆ ಕಿಡ್ನೀಲಿ ಆಗ್ಲೇ ಕಲೆ ಕಟ್ಟಿದೆ. ಇನ್ನೊಂದ್ಸಲ ಸೋಂಕು ಹತ್ತಿದ್ರೆ ಅದು ಕೈ ಕೊಡುತ್ತೆ. ನೀರು ಕುಡೀರಮ್ಮ. ತಡ್ಕೋಬೇಡಿ." ಅಮ್ಮ ಆ ಜ್ವರದಲ್ಲೂ ನಕ್ಕಳು.

ಮೂರನೇ ವರ್ಷದ ವಿದ್ಯಾರ್ಥಿಗಳು ಊರಿನ ಯಾವುದಾದರೂ ಒಂದು ಕಡೆ ಆರೋಗ್ಯದ ಕೆಲಸ ಮಾಡಿ ವರದಿ ಕೊಡಬೇಕಿತ್ತು. ಲಾಯರಮ್ಮ ಹಟ ಹಿಡಿದು ತನ್ನ ಗುಂಪನ್ನು ಕಾರ್ಖಾನೆಗೇ ಕರೆತಂದಳು. ಐದು ಜನರ ಗುಂಪು. ಅದರಲ್ಲಿ ಅವಳ ಬಲಗೈ ಎಂದರೆ 'ಮೌನಿ'. ಬಾಯಿ ತೆರೆದರೆ ಮುಚ್ಚದ ಹುಡುಗ, ಆದರೆ ಚಿತ್ರ ಬರೆಯುವುದರಲ್ಲಿ, ಫೋಟೋ ತೆಗೆಯುವುದರಲ್ಲಿ ಎತ್ತಿದ ಕೈ. ಅವರು ಹೊಲಿಗೆಯ ಹಜಾರದ ಹೆಂಗಸರನ್ನೂ ಮಹಡಿಯ ಮೇಲಿನ ಆಫೀಸಿನ ಹೆಂಗಸರನ್ನೂ ಪರೀಕ್ಷೆ ಮಾಡಿದರು. ಕೆಳಗೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೂತ್ರದ ಸೋಂಕು, ಮೇಲೆ ಹೆಚ್ಚುಕಡಿಮೆ ಯಾರಿಗೂ ಇಲ್ಲ. ಒಂದೇ ಕಟ್ಟಡ, ಒಂದೇ ಟ್ಯಾಂಕಿನ ನೀರು, ಒಂದೇ ಪಾಳಿ. ಮಹಡಿಯ ಮೇಲಿನ ಕಕ್ಕಸಿಗೆ ಬಿಲ್ಲೆ ಬೇಕಿಲ್ಲ, ವ್ಯತ್ಯಾಸ ಅಷ್ಟೇ.

ವರದಿ ಓದಿದ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಿಲ್ಲೆ ವಿಷಯ ತೆಗೀರಿ. ಇವರಿಗೆ ಅರಿವು ಕಮ್ಮಿ ಅಂತ ಬರೀರಿ. ನೀರು ಕುಡಿಯೋದರ ಬಗ್ಗೆ ಒಂದು ಪೋಸ್ಟರ್ ಮಾಡಿ, ಸಾಕು."

"ಅರಿವು ಕಮ್ಮಿ ಇಲ್ಲ ಮೇಡಂ, ಕಮ್ಮಿ ಇರೋದು ಬಿಲ್ಲೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು."

"ನೋಡಮ್ಮ, ಕಾರ್ಖಾನೆಯವರು ಒಳಗೆ ಬಿಟ್ಟಿರೋದೇ ದೊಡ್ಡದು. ಬಾಗಿಲು ಮುಚ್ಚಿಬಿಟ್ರೆ ಮುಂದಿನ ವರ್ಷದ ಮಕ್ಕಳು ಎಲ್ಲಿಗೆ ಹೋಗ್ಬೇಕು?"

ಮೇಡಂ ಕೆಟ್ಟವರಲ್ಲ. ಅಂಜಿಕೆಯ ಪ್ರಾಣಿ, ಅಷ್ಟೇ. ಆದರೆ ಅಂಜುವವರ ಕೈಯಲ್ಲಿ ಅಧಿಕಾರ ಸಿಕ್ಕರೆ ಕೆಟ್ಟವರು ಮಾಡುವಷ್ಟೇ ಹಾಳು ಕೆಲಸ ಅವರಿಂದಲೂ ಆಗುತ್ತದೆ. ಲಾಯರಮ್ಮ ಇನ್ನೂ ಜಗಳ ತೆಗೆಯುತ್ತಾಳೆಂದು ಗುಂಪಿನವರು ಉಸಿರು ಬಿಗಿಹಿಡಿದು ಕೂತಿದ್ದರು. ಅವಳು, "ಆಯ್ತು ಮೇಡಂ, ಪೋಸ್ಟರ್ ಮಾಡ್ತೀವಿ" ಎಂದುಬಿಟ್ಟಳು. ಹೊರಗೆ ಬಂದ ಮೇಲೆ ಮೌನಿ ಅವಳ ಹಣೆ ಮುಟ್ಟಿ ನೋಡಿದ. "ಜ್ವರ ಏನಾದ್ರೂ ಇದ್ಯಾ ನಿಂಗೆ?"

"ಪೋಸ್ಟರಲ್ಲಿ ಇನ್ನೇನು ಬರೀಬಾರ್ದು ಅಂತ ಮೇಡಂ ಹೇಳ್ಲಿಲ್ಲವಲ್ಲ" ಎಂದಳು ಅವಳು.

ಅವರು ಬರೆದದ್ದು ಎರಡೇ ಸಾಲು, ಎರಡೂ ಪಠ್ಯಪುಸ್ತಕದ್ದೇ. 'ಗಂಟೆಗೊಂದು ಲೋಟ ನೀರು ಕುಡಿಯಿರಿ. ಬಂದಾಗ ತಡೆಯಬೇಡಿ, ಕೂಡಲೇ ಹೋಗಿ.' ಮೇಡಂಗೆ ತಪ್ಪು ಕಾಣಲಿಲ್ಲ. ಕಾರ್ಖಾನೆಯ ಮ್ಯಾನೇಜರನಿಗಂತೂ ಹಬ್ಬ. ಶರ್ಟು ಕೊಳ್ಳುವ ದೊಡ್ಡ ಕಂಪನಿಯವರು ದೂರದಿಂದ ಕಾರ್ಖಾನೆ ನೋಡಲು ಬರುವವರಿದ್ದರು, ಅವರಿಗೆ ತೋರಿಸಲು ಇಂಥದ್ದೇ ಏನಾದರೂ ಬೇಕಿತ್ತು. "ಸಪ್ಪೆಯಾಗಿದೆ, ನನ್ನ ಫೋಟೋ ಹಾಕಿ" ಎಂದ. ಮೌನಿ ಅವನ ಕೈಗೊಂದು ನೀರಿನ ಲೋಟ ಕೊಟ್ಟು, ನಗಿಸಿ ಫೋಟೋ ತೆಗೆದ. ಇದೆಲ್ಲ ಹುಡುಗರ ಕೆಲಸವೆಂದು ಬಂದವರು ತಿಳಿದುಬಿಟ್ಟರೆ ಎಂಬ ಚಿಂತೆಗೆ, ಕೆಳಗೆ 'ಇದು ಆಡಳಿತದ ಆದೇಶ' ಎಂದು ದಪ್ಪಕ್ಷರದಲ್ಲಿ ಸೇರಿಸಿದವನೂ ಮ್ಯಾನೇಜರನೇ. ಬಂದವರು ಇರುವಷ್ಟು ಹೊತ್ತು ಗಂಟೆಗೊಮ್ಮೆ ಬೆಲ್ಲು ಹೊಡೆಸಿ, ವಿದ್ಯಾರ್ಥಿಗಳಿಂದ ಸಾಲಿಗೆಲ್ಲ ನೀರು ಕೊಡಿಸುವುದೆಂದೂ ಅವನೇ ಗೊತ್ತು ಮಾಡಿದ. ಹೊಗಳಿಕೆಯ ಹಸಿವು ಹತ್ತಿದವನಿಗೆ ತಾನು ಏನು ನುಂಗುತ್ತಿದ್ದೇನೆಂದು ತಿಳಿಯುವುದಿಲ್ಲ.

ಶರ್ಟಿನ ಗುಂಡಿಗೆ ಕಾಜಾ ಹೊಲಿಯುವ ಹಿರಿಯ ಹೆಂಗಸು, ಎಲ್ಲರ ಬಾಯಲ್ಲಿ 'ಕಾಜದಕ್ಕ', ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಾರೆ. ಇಲ್ಲಿ ತಿಂದೋನು ಅವನು, ಕುಡಿಯೋರು ನಾವು. ಇರ್ಲಿ, ಕುಡಿಯೋಣ ಬಿಡು" ಎಂದು ಸಾಲಿನವರನ್ನೆಲ್ಲ ಒಪ್ಪಿಸುವ ಕೆಲಸ ತಾನೇ ಹೊತ್ತಳು.

ಒಪ್ಪದವಳು ಒಬ್ಬಳೇ. ಮನೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅಮ್ಮ ಮಗಳ ಮಾತು ಮುಗಿದ ಕೂಡಲೇ ಪೆಟ್ಟಿಗೆಯನ್ನು ಠಪ್ಪೆಂದು ನಿಲ್ಲಿಸಿದಳು. "ನಿಂಗೆ ಮಾರ್ಕ್ಸ್ ಬರುತ್ತೆ, ನಂಗೆ ಗೇಟು ತೋರಿಸ್ತಾರೆ. ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ ಕಣೇ."

"ಅಮ್ಮ, ಡಾಕ್ಟ್ರು ಹೇಳಿದ್ದು ನೀನೂ ಕೇಳಿಸ್ಕೊಂಡೆ. ಕಿಡ್ನಿ ಹೋಗುತ್ತೆ."

"ಹೋದ್ರೆ ಇನ್ನೊಂದಿದೆ. ಕೆಲಸ ಇರೋದು ಒಂದೇ."

ಅಮ್ಮನ ಮೇಲೆ ಬಂದ ಸಿಟ್ಟು, ಅಮ್ಮನ ಬಾಯಲ್ಲಿ ಇಂಥ ಲೆಕ್ಕ ಬರುವಂತೆ ಮಾಡಿದವರ ಮೇಲಿನ ಸಿಟ್ಟು, ಎರಡೂ ಸೇರಿ ಮಗಳಿಗೆ ಅಳು ಬಂತು. "ಸರಿ, ನೀನು ಕುಡೀಬೇಡ. ಆದ್ರೆ ಲೋಟ ಮಾತ್ರ ನಿನ್ನ ಮುಂದೆಯೂ ಇಡ್ತೀನಿ" ಎಂದು ಎದ್ದು ಹೋದಳು.

ಗೊತ್ತಾದ ದಿನ ಕಂಪನಿಯಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಬಂದರು. ವಿದ್ಯಾರ್ಥಿಗಳ ಜೊತೆ ಮೇಡಂ ಕೂಡ ಇದ್ದರು. ಮೊದಲ ಬೆಲ್ಲಿಗೆ ವಿದ್ಯಾರ್ಥಿಗಳು ಜಗ್ ಹಿಡಿದು ಸಾಲಿನುದ್ದಕ್ಕೂ ಹೋದರು. ಹೆಂಗಸರು ಗಟಗಟ ಕುಡಿದರು. ಮ್ಯಾನೇಜರ್ ತನ್ನದೇ ಫೋಟೋದ ಕೆಳಗೆ ನಿಂತು ಅದೇ ನಗು ನಕ್ಕ. ಅಮ್ಮ ಲೋಟವನ್ನು ತುಟಿಗೆ ಸೋಕಿಸಿ ಮಿಷನ್ನಿನ ಪಕ್ಕಕ್ಕಿಟ್ಟಳು. ಎರಡನೇ ಬೆಲ್ಲಿಗೂ ಹಾಗೆಯೇ. ಮಗಳು ಜಗ್ ಹಿಡಿದು ಮುಂದಿನ ಮಿಷನ್ನಿಗೆ ಹೋದಳು.

ಮೂರನೇ ಬೆಲ್ಲಿನ ಹೊತ್ತಿಗೆ ಹಜಾರದ ಲಯ ಕೆಟ್ಟಿತ್ತು. ಮೊಣಕಾಲಿಗೆ ಮೊಣಕಾಲು ಒತ್ತಿಕೊಂಡವರು, ಸ್ಟೂಲಿನ ತುದಿಗೆ ಜರುಗಿದವರು, ಸೊಟ್ಟ ಹೊಲಿಗೆ ಬಿಚ್ಚುತ್ತಿದ್ದವರು. ಬಿಲ್ಲೆ ಯಾರದೋ ಕೊರಳಲ್ಲಿ ಹೋಗಿತ್ತು. ಕಾಜದಕ್ಕ ಮೇಜಿನ ಹತ್ತಿರ ಹೋಗಿ ಕಾದು ನಿಂತಳು. ಬಂದವರಿಗೆ ಕೇಳಿಸೀತೆಂದು ಗಡಿಯಾರ ಮೈಕು ಮುಟ್ಟಲಿಲ್ಲ. ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದ: "ಮೊಮ್ಮಕ್ಕಳನ್ನ ಕಂಡೋಳು, ಅಷ್ಟೂ ತಡ್ಕೊಳ್ಳೋಕಾಗಲ್ವಾ? ಹೋಗಿ ಕೂತ್ಕೊ. ಬಟ್ಟೆ ಒದ್ದೆ ಆದ್ರೆ ನಾಳೆ ಬೇರೆ ಉಟ್ಕೊಂಡು ಬರುವೆಯಂತೆ."

ಊರೆಲ್ಲ ನಗಿಸುವ ಕಾಜದಕ್ಕ ಸಣ್ಣ ಹುಡುಗಿಯಂತೆ ತಲೆ ತಗ್ಗಿಸಿ ವಾಪಸ್ಸು ಬಂದು ಕೂತಳು. ಅವಳ ಕಣ್ಣಿನಿಂದ ನೀರು ಕಾಜದ ಮೇಲೆ ಬಿತ್ತು. ಅದನ್ನು ಪಕ್ಕದ ಮಿಷನ್ನಿನ ಅಮ್ಮ ನೋಡಿದಳು.

ಅಮ್ಮ ಪೆಡಲಿನಿಂದ ಕಾಲು ತೆಗೆದಳು. ಪಕ್ಕಕ್ಕಿಟ್ಟಿದ್ದ ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದು, ಮಗಳ ಕಡೆ ಚಾಚಿದಳು. "ತುಂಬು." ಮಗಳು ತುಂಬಿದಳು. ಅದನ್ನೂ ಕುಡಿದಳು. ಗಂಟಲು ಏರಿಳಿಯುವುದನ್ನು ಮಗಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಕೆಲಸದ ಜಾಗದಲ್ಲಿ ಅಮ್ಮ ನೀರು ಕುಡಿಯುವುದನ್ನು ಅವಳು ಕಂಡದ್ದು ಅದೇ ಮೊದಲು. ಆಮೇಲೆ ಅಮ್ಮ ಎದ್ದು, ಕಾಜದಕ್ಕನ ರಟ್ಟೆ ಹಿಡಿದು ಎಬ್ಬಿಸಿ, ಬಾಗಿಲಿನ ಕಡೆ ಹೊರಟಳು.

"ಏಯ್, ಬಿಲ್ಲೆ ಎಲ್ಲಿ?" ಗಡಿಯಾರ ಅಡ್ಡ ಬಂದ.

"ಅಲ್ಲಿ ನೋಡಿ" ಎಂದು ಅಮ್ಮ ಗೋಡೆಯ ಪೋಸ್ಟರಿನ ಕಡೆ ಕೈ ತೋರಿಸಿದಳು. "ಕೂಡಲೇ ಹೋಗಿ ಅಂತ ಸಾಹೇಬ್ರು ಹಲ್ಲು ಬಿಟ್ಕೊಂಡು ಹೇಳ್ತಾ ಇದಾರೆ. ಅವರ ಆದೇಶ ಕೇಳ್ಬೇಕೋ, ನಿಮ್ಮ ಬಿಲ್ಲೆ ಮಾತು ಕೇಳ್ಬೇಕೋ, ನೀವೇ ಹೇಳಿ. ಬೇಗ ಹೇಳಿ, ನಂಗೆ ಅವಸರ."

ಯಾರೋ ಕಿಸಕ್ಕನೆ ನಕ್ಕರು. ಒಂದು ಮಿಷನ್ನು ನಿಂತಿತು, ಅದರ ಹಿಂದೆ ಇನ್ನೊಂದು, ನೋಡನೋಡುತ್ತ ಇಡೀ ಸಾಲು, ಆಮೇಲೆ ಇಡೀ ಹಜಾರ ಎದ್ದು ನಿಂತಿತು. ಮಿಷನ್ನಿನ ಸದ್ದಿಲ್ಲದ ಹಜಾರವನ್ನು ಹಗಲು ಹೊತ್ತಿನಲ್ಲಿ ಯಾರೂ ಕಂಡಿರಲಿಲ್ಲ. ಗಡಿಯಾರ ದಾರಿ ಬಿಟ್ಟ. ಬಿಡದೆ ಏನು ಮಾಡಿಯಾನು, ಹಜಾರದಷ್ಟು ಹೆಂಗಸರಿಗೆ ಅವಸರವಾಗಿತ್ತು.

ಮೇಡಂ ಓಡಿ ಬಂದು ಲಾಯರಮ್ಮನ ತೋಳು ಹಿಡಿದೆಳೆದರು. "ಇದೆಲ್ಲ ನಿನ್ನದೇ ಕಿತಾಪತಿ. ಹೋಗಿ ಕೂರಿಸು ಅವರನ್ನ! ಇಲ್ಲಾಂದ್ರೆ ಸೊನ್ನೆ ಹಾಕ್ತೀನಿ ನಿಂಗೆ."

"ಹಾಕಿ ಮೇಡಂ. ಈ ಕೆಲಸಕ್ಕೆ ಸೊನ್ನೆ ಬಂತು ಅಂತ ಮನೆ ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕ್ತೀನಿ." ತೋಳು ಬಿಡಿಸಿಕೊಂಡು ಅವಳು ಹೆಂಗಸರ ಹಿಂದೆಯೇ ನಡೆದಳು.

ಕಕ್ಕಸಿಗೆ ನಾಲ್ಕು ಬಾಗಿಲು. ಎರಡಕ್ಕೆ ಬೀಗ. "ಇವನ್ನ ಯಾಕೆ ಮುಚ್ಚಿದೀರಿ?" ಎಂದು ಹಿಂದೆಯೇ ಬಂದ ಕಂಪನಿಯ ಹೆಂಗಸು ಮ್ಯಾನೇಜರನನ್ನು ಕೇಳಿದಳು. ಮೌನಿ ಎಲ್ಲಿಂದಲೋ ಸುತ್ತಿಗೆ ತಂದ, ಯಾರೋ ಅದನ್ನು ಕಿತ್ತುಕೊಂಡು ಎರಡೇ ಏಟಿಗೆ ಎರಡೂ ಬೀಗ ಹಾರಿಸಿದರು. ಒಳಗೆ ಸೂರಿನ ತನಕ ಶರ್ಟಿನ ಖಾಲಿ ರಟ್ಟಿನ ಪೆಟ್ಟಿಗೆಗಳು. ಹೆಂಗಸರು ದಾರಿಯುದ್ದಕ್ಕೂ ಸಾಲುಗಟ್ಟಿ ನಿಂತು ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸತೊಡಗಿದರು. ಕೊನೆಯಲ್ಲಿ ನಿಂತ ಹುಡುಗಿ ಅವನ್ನು ತಂದು ಮ್ಯಾನೇಜರನ ಕಾಲ ಬುಡದಲ್ಲಿ ಒಂದರ ಮೇಲೊಂದು ಪೇರಿಸಿದಳು. ಒಬ್ಬೊಬ್ಬರೇ ಸಾಲು ಬಿಟ್ಟು ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಸಾಲಿಗೆ ಸೇರುತ್ತಿದ್ದರು. ಯಾರೂ ಮಿಷನ್ನಿನ ಕಡೆ ಹೋಗಲಿಲ್ಲ.

ಅಮ್ಮ ಹೊರಗೆ ಬಂದು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಬಂದವರ ಕಣ್ಣು ತಪ್ಪಿಸಿ ಮ್ಯಾನೇಜರ್ ಅವಳ ಹತ್ತಿರ ಸರಿದು, ಹಲ್ಲು ಕಚ್ಚಿಕೊಂಡು ಹೇಳಿದ: "ನಾಳೆ ಬೆಳಗ್ಗೆ ಆಫೀಸಿಗೆ ಬಾ. ನಿಂದು ಇತ್ಯರ್ಥ ಮಾಡ್ತೀನಿ."

ಅಮ್ಮ ಹೆದರಿದ್ದು ಇದಕ್ಕೇ, ಇಷ್ಟು ವರ್ಷ ತಡೆದುಕೊಂಡದ್ದು ಇದಕ್ಕೇ. ಮುಂದೆ ಹೋಗಿ ಅಡ್ಡ ನಿಲ್ಲೋಣವೆಂದು ಮಗಳು ಹೆಜ್ಜೆ ಎತ್ತಿದಳು. ಅಮ್ಮ ತಿರುಗಿ ನೋಡದೆಯೇ ಕೈ ಅಡ್ಡ ಹಿಡಿದು ಅವಳನ್ನು ತಡೆದಳು.

"ಬರ್ತೀನಿ ಸಾರ್" ಎಂದಳು ಅಮ್ಮ, ಹಜಾರಕ್ಕೆಲ್ಲ ಕೇಳುವಷ್ಟು ಗಟ್ಟಿಯಾಗಿ. "ಆದ್ರೆ ಒಬ್ಬಳೇ ಬರಲ್ಲ. ಎಲ್ಲರೂ ಬರ್ತೀವಿ. ಹೊಟ್ಟೆ ತುಂಬ ನೀರು ಕುಡಿದೇ ಬರ್ತೀವಿ. ನಿಮ್ಮ ಮಾತು ಮುಗಿಯೋದು ತಡವಾದ್ರೆ, ಮಹಡಿ ಮೇಲೆ ನಿಮ್ಮದೂ ಒಂದಿದೆಯಲ್ಲ, ಅದಕ್ಕೇ ಹೋಗ್ತೀವಿ."

ಹಾಗೆಂದವಳು ಸಾಲಿಗೆ ಸೇರಿ, ಮುಂದಿನ ಪೆಟ್ಟಿಗೆಗೆ ಕೈ ಚಾಚಿದಳು.