ಎರಡು ಸ್ಟಾಪ್ ಮೊದಲೇ ಇಳಿದು

ಬ್ರೆಡ್ ಕಾರ್ಖಾನೆಯಲ್ಲಿ ನನ್ನದು ಭಟ್ಟಿಯ ಹತ್ತಿರ ಕೆಲಸ. ಹೆಂಡತಿಯದು ಬ್ರೆಡ್ ಹೋಳು ಮಾಡುವ ಯಂತ್ರದ ಮುಂದೆ. ಇಬ್ಬರದೂ ರಾತ್ರಿ ಪಾಳಿ. ಹಗಲು ನಾನು ಕೊರಡಿನಂತೆ ಬಿದ್ದುಕೊಳ್ಳುತ್ತಿದ್ದೆ, ಅವಳಿಗೆ ಮಾತ್ರ ನಿದ್ದೆ ಹತ್ತುತ್ತಿರಲಿಲ್ಲ. ಕಿಟಕಿಗೆ ಕಂಬಳಿ ಕಟ್ಟಿದೆವು, ಕರೆಗಂಟೆಯ ತಂತಿ ಕಿತ್ತೆವು. ಏನೂ ಪ್ರಯೋಜನವಾಗಲಿಲ್ಲ.

ಊರಿಗೆಲ್ಲ ಬುದ್ಧಿ ಹೇಳುವ ಚಟ ನನ್ನದು. "ಮೈ ದಣಿದರೆ ನಿದ್ದೆ ತಾನಾಗೇ ಬರುತ್ತೆ ಕಣೇ, ನಡಿ," ಅಂದೆ. ಅಂದಿನಿಂದ ಪಾಳಿ ಮುಗಿಸಿ ಬರುವಾಗ ಬಸ್ಸಿನಿಂದ ಎರಡು ಸ್ಟಾಪ್ ಮೊದಲೇ ಇಳಿದು, ಎಳೆಬಿಸಿಲಿಗೆ ಮುಖ ಕೊಟ್ಟುಕೊಂಡು ಮನೆಗೆ ನಡೆಯತೊಡಗಿದೆವು. ನಾಲ್ಕು ತಿಂಗಳು ಹಾಗೇ ನಡೆದೆವು. ನಾನು ಮೇಸ್ತ್ರಿಯ ಮಾತನ್ನು ಅಣಕಿಸುತ್ತಿದ್ದೆ, ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮನೆ ಸೇರಿದ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿದ್ದಳು.

ಕಳೆದ ತಿಂಗಳು ಯಂತ್ರದ ಮುಂದೆ ಅವಳಿಗೆ ಒಂದು ಗಳಿಗೆ ಜೋಂಪು ಹತ್ತಿತು. ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯ ಡಾಕ್ಟರು ನನ್ನನ್ನು ಹೊರಗೆ ಕರೆದು ಎಲ್ಲ ಕೇಳಿಕೊಂಡರು. ಮಿದುಳಿನೊಳಗೆ ಒಂದು ಗಡಿಯಾರವಿದೆಯಂತೆ. ಕಣ್ಣಿಗೆ ಬಿದ್ದ ಬೆಳಕು ನೋಡಿ ಅದು ಹೊತ್ತು ಸರಿಮಾಡಿಕೊಳ್ಳುತ್ತದಂತೆ. ನಿದ್ದೆ ಯಾವಾಗ, ಹಸಿವು ಯಾವಾಗ, ಮೈ ಬಿಸಿಯಾಗುವುದು ಯಾವಾಗ, ಎಲ್ಲ ಅದರ ಅಪ್ಪಣೆಯಂತೆ.

"ದಿನಾ ಬೆಳಗಿನ ಬಿಸಿಲು ತೋರಿಸಿ, ಈಗ ಹಗಲು, ಎದ್ದಿರು ಅಂತ ನೀವೇ ಅದಕ್ಕೆ ಹೇಳಿದ ಹಾಗಾಯ್ತಲ್ರೀ," ಅಂದರು. "ಕಪ್ಪು ಕನ್ನಡಕ ಹಾಕಿಸಿ ಸೀದಾ ಮನೆಗೆ ಕರ್ಕೊಂಡು ಹೋಗಬೇಕಿತ್ತು."

ಅವಳ ನಿದ್ದೆಗೆ ನಾನೇ ಕೈಯಾರೆ ಕಲ್ಲು ಹಾಕಿದ್ದೆ. ಅಳು ಬರಲಿಲ್ಲ. ಅಂದಿನಿಂದ ಏನೂ ಬಂದಿಲ್ಲ. ಭಟ್ಟಿಯ ಮುಂದೆ ನಿಂತರೂ ಬ್ರೆಡ್ಡಿನ ವಾಸನೆ ಮೂಗಿಗೆ ತಾಕುವುದಿಲ್ಲ.

ಗೊತ್ತಾದರೆ ಅವಳು ನನ್ನನ್ನು ಬಿಟ್ಟು ಅಕ್ಕನ ಮನೆಗೆ ಹೋಗಿಬಿಡುತ್ತಾಳೆ ಎಂದುಕೊಂಡು ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡೆ. ನಿನ್ನೆ ಮಧ್ಯಾಹ್ನ ಗಾಯಕ್ಕೆ ಪಟ್ಟಿ ಸುತ್ತುವಾಗ ಎಲ್ಲ ಹೇಳಿಬಿಟ್ಟೆ.

ಅವಳು ಕೈ ಎಳೆದುಕೊಳ್ಳಲಿಲ್ಲ.

"ನಂಗೊತ್ತಿತ್ತು ರೀ," ಅಂದಳು. "ಕಾರ್ಖಾನೆ ನರ್ಸಮ್ಮ ಮೊದಲ್ನೇ ತಿಂಗಳೇ ಹೇಳಿದ್ರು. ಬಿಸಿಲಲ್ಲಿ ನಡೀಬೇಡ, ಇರೋ ನಿದ್ದೇನೂ ಕೆಡುತ್ತೆ ಅಂತ."

"ಮತ್ಯಾಕೆ ನಡೆದೆ?"

"ಮನೆಗೆ ಬಂದ್ರೆ ನೀವು ಮಲಗಿಬಿಡ್ತಿದ್ರಿ. ಎದ್ರೆ ಪಾಳಿಗೆ ಹೊತ್ತಾಗ್ತಿತ್ತು. ನೀವು ನನ್ ಜೊತೆ ಮಾತಾಡ್ತಿದ್ದಿದ್ದು ಆ ದಾರೀಲಿ ಮಾತ್ರ."

ಪಟ್ಟಿ ಇನ್ನೂ ಒಂದು ಸುತ್ತು ಉಳಿದಿತ್ತು. ಅದನ್ನು ಸುತ್ತಿದೆ.