ಹಗ್ಗ ಬಿಡುವ ಹಿಡಿ

ಹಸಿರು ಗುಂಡಿಗೆ ಕೈ ಚಾಚಿದ ಇಂದುಮತಿಗೆ ಮೈದುನ ರಘೂತ್ತಮ ಅಡ್ಡ ಬಂದ.

"ಅತ್ತಿಗೆ, ನೀವು ಹಿಂದೆ ಬನ್ನಿ. ನಾನು ಒತ್ತೀನಿ."

ಡಲ್ಲಾಸ್ ಕಡೆಯ ಫ್ರಿಸ್ಕೋ ಹತ್ತಿರದ ಆ ಚಿತಾಗಾರದಲ್ಲಿ ಗುಂಡಿ ಒತ್ತಿದರೆ ಸಾಕು, ಉರುಳೆಗಳು ತಿರುಗಿ ಪೆಟ್ಟಿಗೆ ಕುಲುಮೆಯೊಳಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿದ್ದವನು ಅವಳ ಗಂಡ ಭಾಸ್ಕರ. ಗಂಡುಮಕ್ಕಳಿಲ್ಲದ ಅಣ್ಣನಿಗೆ ತಾನೇ ಅಗ್ನಿ ಕೊಡಬೇಕೆಂದು ರಘೂತ್ತಮ ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನಿಂದ ಬಂದಿದ್ದ.

"ನಾನೇ ಒತ್ತೋದು ರಘು."

"ನಮ್ಮಲ್ಲಿ ಹೆಂಗಸರು ಇದನ್ನೆಲ್ಲ ಮಾಡಲ್ಲ. ಊರಲ್ಲಿ ಗೊತ್ತಾದ್ರೆ ಏನಂತಾರೆ?"

"ಚಿಕ್ಕಪ್ಪಾ, ಪ್ಲೀಸ್. ಲೆಟ್ ಹರ್," ಎಂದಳು ಮಗಳು ದಿಯಾ.

ಊರವರ ಬಾಯಿಗೆ ಹೆದರುವ ಕಾಲ ಇಂದುಮತಿಗೆ ಎಂದೋ ಮುಗಿದಿತ್ತು. ನಿಂತಲ್ಲಿಂದ ಅಲುಗಲಿಲ್ಲ.

*

ರಿಟೈರ್ ಆದ ಮೇಲೆ ಭಾಸ್ಕರನಿಗೊಂದು ಹುಚ್ಚು ಹತ್ತಿತ್ತು. ಶನಿವಾರ ಬಂತೆಂದರೆ ಡಲ್ಲಾಸ್ ಆಚೆಯ, ವಿಮಾನ ನಿಲ್ಲಿಸುವ ಹಳೇ ಹ್ಯಾಂಗರಿಗೆ ಹೋಗಿ, ಎರಡನೇ ಮಹಾಯುದ್ಧದ ಗ್ಲೈಡರ್ ಒಂದನ್ನು ರಿಪೇರಿ ಮಾಡುತ್ತಿದ್ದ. ಎಂಜಿನ್ನೇ ಇಲ್ಲದ ವಿಮಾನ! ಉಕ್ಕಿನ ಕೊಳವೆ, ಪ್ಲೈವುಡ್ಡು, ಮೇಲೆ ಬಟ್ಟೆ, ಅಷ್ಟೇ. ಯುದ್ಧದ ಅವಸರದಲ್ಲಿ ಅದನ್ನು ರೂಪಿಸಿದವರು ಮೂಗನ್ನೇ ಬಾಗಿಲು ಮಾಡಿ, ಒಳಗಿನ ಜೀಪು ಸೀದಾ ಹೊರಗೆ ಬರುವಂತೆ ಮಾಡಿದ್ದರು. ರೆಕ್ಕೆಗೆ ಹೊಸ ಬಟ್ಟೆ ಹೊಲಿದವಳು ಇಂದುಮತಿ.

ಒಂದು ದಿನ ಅವಳನ್ನು ಪೈಲಟ್ ಸೀಟಿನಲ್ಲಿ ಕೂರಿಸಿ, ಗ್ಲೈಡರಿನ ಮೂಗಿಗೂ ತನ್ನ ಟ್ರಕ್ಕಿಗೂ ಹಗ್ಗ ಕಟ್ಟಿದ.

"ಮುಂದಿರೋ ವಿಮಾನ ಇದನ್ನ ಎಳ್ಕೊಂಡು ಹೋಗುತ್ತೆ ಕಣೇ, ಆದ್ರೆ ಹಗ್ಗ ಬಿಡೋಳು ನೀನು. ತಲೆ ಮೇಲೆ ಕೆಂಪು ಹಿಡಿ ಇದೆಯಲ್ಲ, ಅದನ್ನ ಎಳಿ. ಬಿಡದೇ ಇದ್ರೆ ಇಳಿಯೋಕೇ ಆಗಲ್ಲ."

"ಭಯ ಆಗುತ್ತೆ ರೀ. ನೀವೇ ಬಿಟ್ಟುಬಿಡಿ."

"ಅದು ಹಿಂದೆ ಗ್ಲೈಡರಲ್ಲಿ ಕೂತೋರ ಕೆಲಸ."

ಮೈಸೂರಿನಿಂದ ಹ್ಯೂಸ್ಟನ್, ಅಲ್ಲಿಂದ ಫ್ರಿಸ್ಕೋ, ಅವನು ಎಳೆದತ್ತ ಬಂದವಳು ಅವಳು. ಟ್ರಕ್ಕು ಹೊರಟಿತು, ಹಗ್ಗ ಬಿಗಿಯಾಯಿತು. ಕಣ್ಣುಮುಚ್ಚಿ ಹಿಡಿ ಎಳೆದಳು. ಹಗ್ಗ ಕಳಚಿ ಬಿತ್ತು. ಪುಣ್ಯಾತ್ಮನಿಗೆ ಅದು ಗೊತ್ತೇ ಆಗಲಿಲ್ಲ. ಖಾಲಿ ಹಗ್ಗ ನೆಲದ ಮೇಲೆ ಎಳೆದುಕೊಂಡು ಹ್ಯಾಂಗರಿನ ಬಾಗಿಲಾಚೆಗೂ ಹೋದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

*

"ಇದನ್ನ ನಿಮ್ಮಣ್ಣನೇ ನಂಗೆ ಹೇಳ್ಕೊಟ್ಟಿದ್ದು ರಘು. ಬೇಕಾದ್ರೆ ನನ್ನ ಪಕ್ಕ ನಿಂತ್ಕೋ."

ರಘೂತ್ತಮನಿಗೆ ಏನೂ ಅರ್ಥವಾಗಲಿಲ್ಲ. ಆದರೆ ಅತ್ತಿಗೆಯ ಮುಖ ನೋಡಿ ಪಕ್ಕಕ್ಕೆ ಸರಿದ.

ಇಂದುಮತಿ ಗುಂಡಿಯ ಮೇಲೆ ಬೆರಳಿಟ್ಟಳು. ಈ ಸಲ ಮಾತ್ರ ಕಣ್ಣು ಮುಚ್ಚಲಿಲ್ಲ. ಒತ್ತಿದಳು.

ಉರುಳೆಗಳು ತಿರುಗಿದವು. ಪೆಟ್ಟಿಗೆಯ ಸಂದಿನಿಂದ ಹೊರಬಿದ್ದಿದ್ದ ಪಂಚೆಯ ಅಂಚು ಉರುಳೆಗಳ ಮೇಲೆ ಎಳೆದಾಡುತ್ತ, ಭಾಸ್ಕರನ ಹಿಂದೆ ಹಿಂದೆಯೇ ಬಾಗಿಲಾಚೆ ಹೋಯಿತು.